ಕಾಲುವೆ ದಂಡೆಯ ಖಾಲಿ ಹುಳು: ಮೈಯ ಹೊರಗಿನ ಎಲುಬು ಯಾವುದರಿಂದ ಆಗಿದೆ, ಹೇಗೆ ಬೆಳೆಯುತ್ತದೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಘಟಪ್ರಭಾ ನದಿಗೆ ಹತ್ತಿರವಿರುವ ಊರೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಎಂಟನೆಯ ತರಗತಿಯ ಹುಡುಗನೊಬ್ಬ ಕಡ್ಡಿಪೆಟ್ಟಿಗೆಯಲ್ಲಿ ಒಂದು ಒಣ ಹುಳುವನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಕಾಲುವೆಯ ದಂಡೆಯಲ್ಲಿ ಬೆಳೆದ ಆಪಿನ ದಂಟಿಗೆ, ನೀರಿನಿಂದ ಒಂದು ಗೇಣು ಮೇಲೆ, ಅದು ಕಚ್ಚಿಕೊಂಡಿತ್ತಂತೆ. ಬಣ್ಣ ಕಂದು, ಉದ್ದ ಸುಮಾರು 4 ಸೆಂಟಿಮೀಟರ್. ಕಣ್ಣುಗಳ ಉಬ್ಬು, ಆರು ಕಾಲು, ಕಾಲಿನ ತುದಿಯ ಕೊಕ್ಕೆ, ಹೊಟ್ಟೆಯ ಉಂಗುರಗಳು ಎಲ್ಲವೂ ಇದ್ದವು. ಆದರೆ ಅಂಗೈ ಮೇಲಿಟ್ಟರೆ ತೂಕವೇ ತಿಳಿಯುತ್ತಿರಲಿಲ್ಲ. ಕತ್ತಿನ ಹಿಂದೆ ಬೆನ್ನಿನ ಮೇಲೆ ನೇರವಾದ ಒಂದು ಸೀಳು ಇತ್ತು, ಆ ಸೀಳಿನಿಂದ ಬಿಳಿಯ ನೂಲಿನಂಥ ನಾಲ್ಕಾರು ಎಳೆಗಳು ಹೊರಕ್ಕೆ ಇಣುಕುತ್ತಿದ್ದವು.

“ಇರಿವಿ ಒಳಗಿಂದೆಲ್ಲಾ ತಿಂದು ಹೋಗ್ಯಾವ್ರಿ ಅಕ್ಕೋರ” ಎಂಬುದು ತಂದವನ ತೀರ್ಮಾನವಾಗಿತ್ತು. ಹುಡುಗಿಯೊಬ್ಬಳು “ಹುಳಕ್ಕ ಎಲುವು ಇರ್ತಾವೇನ್ರಿ?” ಎಂದು ಕೇಳಿದಳು. ಇದು ಸತ್ತ ಹುಳುವಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ ಬಿಟ್ಟುಹೋದ ಪೊರೆ ಎಂದೂ, ಕೀಟಗಳಿಗೆ ಎಲುಬಿನ ಕೆಲಸವನ್ನು ಮೈಯ ಹೊರಗಿನ ಕವಚವೇ ಮಾಡುತ್ತದೆ ಎಂದೂ ಹೇಳಿದೆ. ನನ್ನ ತಿಳಿವಳಿಕೆ ಅಲ್ಲಿಗೆ ಮುಗಿಯಿತು, ಮಕ್ಕಳ ಪ್ರಶ್ನೆಗಳು ಮುಗಿಯಲಿಲ್ಲ. ಆ ಬಿಳಿಯ ಎಳೆಗಳು ಏನು? ಕವಚವು ನಮ್ಮ ಉಗುರಿನಂಥ ವಸ್ತುವೇ? ಅಷ್ಟು ಗಟ್ಟಿಯಾದುದು ಕಾಲಿನ ಕೀಲುಗಳಲ್ಲಿ ಹೇಗೆ ಬಾಗುತ್ತದೆ? ಹೊಸ ಕವಚ ಹಳೆಯದರ ಒಳಗೇ ಸಿದ್ಧವಾಗುವುದಾದರೆ, ಒಳಗಿನದು ಹೊರಗಿನದಕ್ಕಿಂತ ದೊಡ್ಡದಾಗಿರುವುದು ಹೇಗೆ ಸಾಧ್ಯ? ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಪಠ್ಯಪುಸ್ತಕದಲ್ಲಿ “ಸಂಧಿಪದಿಗಳಿಗೆ ಕೈಟಿನ್ನಿನ ಹೊರಕವಚವಿದೆ” ಎಂಬ ಒಂದು ವಾಕ್ಯವಷ್ಟೇ ಇದೆ (ಸಂಧಿಪದಿಗಳೆಂದರೆ ಕೀಟ, ಏಡಿಗಳಂಥ ಕೀಲುಗಾಲಿನ ಜೀವಿಗಳು). ಬಲ್ಲವರು ವಿವರವಾಗಿ ತಿಳಿಸಿದರೆ ಮಕ್ಕಳಿಗೆ ಓದಿ ಹೇಳುತ್ತೇನೆ.

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ಬೆಳಗಾವಿ

ಮೇಡಂ, ಆ ಬಿಳಿಯ ಎಳೆಗಳು ಮಕ್ಕಳ ಕಣ್ಣಿಗೆ ಬಿದ್ದದ್ದು ಬಹಳ ಒಳ್ಳೆಯದಾಯಿತು, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಅವು ಆ ಮರಿಯ ಶ್ವಾಸನಾಳಗಳ ಒಳಮೈ ಹೊದಿಕೆ. ಕೀಟಗಳಿಗೆ ನಮ್ಮಂತೆ ಶ್ವಾಸಕೋಶವಿಲ್ಲ. ಗಾಳಿಯು ಕವಲೊಡೆಯುವ ಸಣ್ಣ ಕೊಳವೆಗಳ ಮೂಲಕ ಮೈಯೊಳಗೆಲ್ಲ ನೇರವಾಗಿ ಹರಡುತ್ತದೆ. ಈ ಕೊಳವೆಗಳು ಹೊರಚರ್ಮವೇ ಒಳಕ್ಕೆ ಮಡಚಿಕೊಂಡು ಆದವು. ಆದ್ದರಿಂದ ಹೊರಮೈಗೆ ಇರುವ ಹೊದಿಕೆ ಅವುಗಳ ಒಳಗೂ ಇರುತ್ತದೆ. ಬಾಯಿಂದ ಒಳಕ್ಕೆ ಹೋಗುವ ಮುಂಗರುಳಿಗೂ, ಗುದದಿಂದ ಒಳಕ್ಕೆ ಬರುವ ಹಿಂಗರುಳಿಗೂ ಅದೇ ಹೊದಿಕೆ ಇದೆ. ಹುಳು ಪೊರೆ ಬಿಡುವಾಗ ಇವೆಲ್ಲವೂ ಹೊರಚರ್ಮದ ಜೊತೆಗೇ ಕಳಚಿ ಬರುತ್ತವೆ. ನಿಮ್ಮ ವಿದ್ಯಾರ್ಥಿ ತಂದ ಪೊರೆಯಲ್ಲಿ ಇಣುಕುತ್ತಿರುವುದು, ಆ ಜೀವಿ ತನ್ನ ಎದೆಯೊಳಗಿನಿಂದ ಎಳೆದುಕೊಂಡು ಬಿಟ್ಟುಹೋದ ಗಾಳಿಕೊಳವೆಗಳ ಅಸ್ತರಿ.

“ಕವಚ” ಎಂಬ ಮಾತು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕವಚವೆಂದರೆ ಮೈಮೇಲೆ ತೊಟ್ಟುಕೊಳ್ಳುವಂಥದ್ದು, ಬೇಕಾದಾಗ ತೆಗೆದಿಡುವಂಥದ್ದು. ಸಂಧಿಪದಿಗಳ ಹೊರಕಂಕಾಲ, ಅಂದರೆ ಮೈಯ ಹೊರಗಿನ ಎಲುಬುಗೂಡು, ಅವುಗಳ ಚರ್ಮವೇ. ಚರ್ಮದಲ್ಲಿ ಒಂದೇ ಪದರದ ಜೀವಂತ ಕೋಶಗಳಿವೆ. ಅವು ತಮ್ಮ ಮೇಲ್ಗಡೆಗೆ ಸ್ರವಿಸಿ ಕಟ್ಟುವ ಹೊದಿಕೆಗೆ ಕ್ಯೂಟಿಕಲ್ ಎನ್ನುತ್ತಾರೆ. ಎಲುಬಿನ ಕೆಲಸ, ಚರ್ಮದ ಕೆಲಸ, ನೀರು ಆರದಂತೆ ತಡೆಯುವ ಕೆಲಸ, ಕಣ್ಣಿನ ಮಸೂರದ ಕೆಲಸ, ಹಲ್ಲಿನ ಕೆಲಸ, ರೆಕ್ಕೆಯ ಕೆಲಸ ಎಲ್ಲವನ್ನೂ ಈ ಒಂದೇ ವಸ್ತು ಮಾಡುತ್ತದೆ. ಪೊರೆಯ ಕಣ್ಣಿನ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿರಿ, ಜೇನುಹುಟ್ಟಿನ ಕಣ್ಣುಗಳಂಥ ಸಣ್ಣ ಸಣ್ಣ ವಿಭಾಗಗಳು ಕಾಣುತ್ತವೆ. ಅವು ಸಂಯುಕ್ತ ನೇತ್ರದ ಮಸೂರಗಳ ಮೇಲ್ಪದರ, ಅವೂ ಕ್ಯೂಟಿಕಲ್ಲೇ.

ಇನ್ನು ರಚನೆ. ಎಲ್ಲಕ್ಕಿಂತ ಮೇಲೆ ಕೆಲವೇ ಮೈಕ್ರೋಮೀಟರಿಗೂ ತೆಳುವಾದ ಮೇಲ್ಪೊರೆ ಇದೆ. ಇದರಲ್ಲಿ ಕೈಟಿನ್ ಇಲ್ಲ. ಪ್ರೋಟೀನು, ಕೊಬ್ಬಿನಂಶ ಮತ್ತು ಮೇಣ ಇವೆ. ಅದರ ಕೆಳಗಿರುವುದು ದಪ್ಪ ಪದರ. ಕೀಟಗಳಲ್ಲಿ ಇದು 10 ಮೈಕ್ರೋಮೀಟರಿನಿಂದ ಅರ್ಧ ಮಿಲಿಮೀಟರಿನವರೆಗೂ ಇರುತ್ತದೆ. ಇದರ ಮೇಲ್ಭಾಗ ಗಟ್ಟಿ, ಕೆಳಭಾಗ ಮೆತ್ತಗೆ. ಕೈಟಿನ್ ಇರುವುದು ಇಲ್ಲಿ. 1823ರಲ್ಲಿ ಫ್ರಾನ್ಸಿನ ಓಡಿಯೇ ಎಂಬವರು ಕೀಟಗಳ ಹೊದಿಕೆಯನ್ನು ಪರೀಕ್ಷಿಸಿ ಈ ವಸ್ತುವಿಗೆ ಕೈಟಿನ್ ಎಂದು ಹೆಸರಿಟ್ಟರು. ಅದು ಉಗುರಿನಂಥದ್ದಲ್ಲ. ಉಗುರು ಕೆರಾಟಿನ್ ಎಂಬ ಪ್ರೋಟೀನು. ಕೈಟಿನ್ ಸಕ್ಕರೆಯ ಘಟಕಗಳು ಸರಪಳಿಯಾಗಿ ಸೇರಿ ಆದದ್ದು. ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸಿಗೆ ಅದು ಹತ್ತಿರದ ನಂಟ. ಪ್ರತಿಯೊಂದು ಘಟಕದಲ್ಲೂ ಸಾರಜನಕವಿರುವ ಒಂದು ಗುಂಪು ಸೇರಿಕೊಂಡಿರುವುದೇ ಮುಖ್ಯ ವ್ಯತ್ಯಾಸ.

ಹುಳುವಿನ ಮೈ ಗಟ್ಟಿಯಾಗಿರುವುದು ಕೈಟಿನ್ನಿನಿಂದ ಎಂದು ಬಹಳ ಜನ ತಿಳಿದಿದ್ದಾರೆ, ಅದು ಪೂರ್ತಿ ಸರಿಯಲ್ಲ. ಕೈಟಿನ್ ಎಳೆಗಳು ಎಳೆತಕ್ಕೆ ಬಲವಾಗಿವೆ, ಆದರೆ ಅವಷ್ಟೇ ಇದ್ದರೆ ಹೊದಿಕೆ ಬಾಗುತ್ತದೆ. ಕಂಬಳಿಹುಳುವಿನ ಮೆತ್ತನೆಯ ಮೈಯಲ್ಲೂ ಕೈಟಿನ್ ಇದೆ. ಗಟ್ಟಿತನವು ಆ ಎಳೆಗಳ ನಡುವೆ ತುಂಬಿಕೊಂಡಿರುವ ಪ್ರೋಟೀನುಗಳಿಗೆ ಸಂಬಂಧಿಸಿದ್ದು. ಪೊರೆ ಬಿಟ್ಟ ಮೇಲೆ ಕ್ವಿನೋನ್ ಎಂಬ ರಾಸಾಯನಿಕಗಳು ಈ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ, ನೀರು ಹಿಂಡಿದಂತಾಗಿ ಹೊದಿಕೆ ಬಿರುಸಾಗುತ್ತದೆ, ಬಹುಪಾಲು ಕಪ್ಪಾಗುತ್ತದೆ ಕೂಡ. ಚರ್ಮ ಹದ ಮಾಡುವವರು ತಂಗಡಿ ತೊಗಟೆಯ ರಸದಿಂದ ಹಸಿಚರ್ಮವನ್ನು ಹದಗೊಳಿಸುವಾಗ ನಡೆಯುವುದೂ ಇಂಥದ್ದೇ ಕಟ್ಟುವಿಕೆ. ಮನೆಯಲ್ಲಿ ಒಮ್ಮೊಮ್ಮೆ ಕಾಣುವ ಬಿಳಿ ಜಿರಳೆ ಬೇರೆ ಜಾತಿಯದಲ್ಲ. ಆಗ ತಾನೇ ಪೊರೆ ಬಿಟ್ಟದ್ದು, ಕೆಲವು ಗಂಟೆಗಳಲ್ಲಿ ಕಂದಾಗುತ್ತದೆ. ಏಡಿ, ಸೀಗಡಿಗಳಲ್ಲಿ ಇದಲ್ಲದೆ ಸುಣ್ಣದ ಅಂಶವೂ, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ತುಂಬಿಕೊಳ್ಳುತ್ತದೆ.

ಕೈಟಿನ್ ಎಳೆಗಳನ್ನು ಹಾಸಿರುವ ಕ್ರಮವೂ ಗಮನಿಸುವಂಥದ್ದು. ಒಂದು ಪದರದಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ; ಅದರ ಕೆಳಗಿನ ಪದರದಲ್ಲಿ ದಿಕ್ಕು ಸ್ವಲ್ಪ ತಿರುಗಿರುತ್ತದೆ, ಅದರ ಕೆಳಗೆ ಇನ್ನೂ ಸ್ವಲ್ಪ. ಹೀಗೆ ತಿರುಗುತ್ತಾ ಹೋಗಿ ಹಲವಾರು ಪದರಗಳಲ್ಲಿ ಒಂದು ಅರ್ಧಸುತ್ತು ಪೂರ್ತಿಯಾಗುತ್ತದೆ. ಪ್ಲೈವುಡ್ಡಿನ ಹಾಳೆಗಳನ್ನು ಅಡ್ಡ ಉದ್ದ ಅಂಟಿಸುವ ಉದ್ದೇಶವೇ ಇಲ್ಲಿಯೂ ಇದೆ. ಒಂದು ಕಡೆ ಹುಟ್ಟಿದ ಬಿರುಕು ನೇರವಾಗಿ ಆಳಕ್ಕೆ ಇಳಿಯಲಾಗದೆ ಪದರದಿಂದ ಪದರಕ್ಕೆ ತಿರುಚಿಕೊಳ್ಳುತ್ತಾ ಬಲಗುಂದುತ್ತದೆ. ಫ್ರಾನ್ಸಿನ ಈವ್ ಬುಲಿಗಾಂ ಅವರು ಇದನ್ನು ವಿವರಿಸಿದ್ದರಿಂದ ಈ ರಚನೆಗೆ ಅವರ ಹೆಸರೇ ಉಳಿದಿದೆ.

ಕೀಲಿನ ಪ್ರಶ್ನೆಗೆ ಉತ್ತರ ಇದರಲ್ಲೇ ಅಡಗಿದೆ. ಕಾಲಿನ ಎರಡು ಗಟ್ಟಿ ಕೊಳವೆಗಳ ನಡುವೆ ಹೊದಿಕೆ ತುಂಡಾಗುವುದಿಲ್ಲ, ಹದಗೊಳ್ಳದೆ ಮೆತ್ತಗೆ ಉಳಿದು ಮಡಿಕೆ ಬಿದ್ದಿರುತ್ತದೆ, ಅಷ್ಟೆ. ಸ್ನಾಯುಗಳು ಒಳಗಿನಿಂದ, ಹೊದಿಕೆಯೇ ಒಳಕ್ಕೆ ಚಾಚಿದ ಮುಳ್ಳುಗಳಂಥ ಭಾಗಗಳಿಗೆ ಅಂಟಿಕೊಂಡಿರುತ್ತವೆ. ಏಡಿಯ ಕೊಂಡಿಯನ್ನು ಮುರಿದಾಗ ಒಳಗಿನಿಂದ ಬರುವ ಚಪ್ಪಟೆಯ ತೆಳು ಹಲಗೆಯನ್ನು ನಿಮ್ಮ ಮಕ್ಕಳು ನೋಡಿರಬಹುದು. ಅದನ್ನು ಎಳೆದರೆ ಕೊಂಡಿ ಮುಚ್ಚುತ್ತದೆ.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗ: ನದಿಯ ಏಡಿಯ ಒಣ ಕಾಲಿನ ಒಂದು ತುಣುಕನ್ನು ವಿನೆಗರಿನಲ್ಲಿ ಎರಡು ದಿನ ಮುಳುಗಿಸಿಡಿ, ಎರಡನೆಯ ದಿನ ವಿನೆಗರ್ ಬದಲಿಸಿ. ಸುಣ್ಣ ಕರಗುವಾಗ ಗುಳ್ಳೆಗಳು ಏಳುತ್ತವೆ, ಉಳಿಯುವುದು ಬಾಗುವ ಕೈಟಿನ್ ಮತ್ತು ಪ್ರೋಟೀನು. ಪೊರೆ ಬಿಡುವ ವಿಷಯವನ್ನು ನಾಳೆ ಬರೆಯುತ್ತೇನೆ.

ಉತ್ತರ: ರೇಷ್ಮೆ ಬೆಳೆಗಾರ, ಅಥಣಿ ತಾಲ್ಲೂಕು

ಅಕ್ಕೋರಿಗೆ ನಮಸ್ಕಾರ. ಉಪನ್ಯಾಸಕರು ಪೊರೆ ಬಿಡುವ ವಿಷಯ ಬರೆಯುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಬಿಡುತ್ತದೆ. ನಾವು ಅದಕ್ಕೆ ಜ್ವರ ಎನ್ನುತ್ತೇವೆ, ಏಕೆಂದರೆ ಆ ಹೊತ್ತಿನಲ್ಲಿ ಹುಳು ಸೊಪ್ಪು ಮುಟ್ಟದೆ, ತಲೆ ಮೇಲೆತ್ತಿ, ಸುಮಾರು ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಕುಳಿತಿರುತ್ತದೆ. ಕಾಲ ಕೆಳಗೆ ರೇಷ್ಮೆಯ ಎಳೆ ಹಾಕಿಕೊಂಡು ಹಳೆಯ ಚರ್ಮವನ್ನು ಹಾಸಿಗೆಗೆ ಬಿಗಿದುಕೊಂಡಿರುತ್ತದೆ. ಬಿಗಿದಿರದಿದ್ದರೆ ಚರ್ಮ ಹಿಂದೆ ಉಳಿಯದು, ಹುಳು ಮುಂದೆ ಬರಲಾರದು. ಆಗ ಹುಳುವನ್ನು ಕದಲಿಸಬಾರದು, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತೇವೆ. ಎಲ್ಲ ಹುಳು ಜ್ವರದಿಂದ ಎದ್ದ ಮೇಲೆಯೇ ಸೊಪ್ಪು. ಜ್ವರಕ್ಕೆ ಕೂರುವಾಗ ಮೈ ಉಬ್ಬಿ ತಲೆ ಚಿಕ್ಕದಾಗಿ ಕಾಣುತ್ತದೆ, ಎದ್ದ ಮೇಲೆ ಮೈ ಸೊರಗಿ ತಲೆ ದೊಡ್ಡದಾಗಿ ಕಾಣುತ್ತದೆ. ಗಟ್ಟಿಯಾದ ತಲೆ ನಡುವೆ ಬೆಳೆಯುವುದೇ ಇಲ್ಲ, ಪೊರೆ ಬಿಟ್ಟಾಗ ಒಮ್ಮೆಲೇ ದೊಡ್ಡದಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮಗೆ ಒಂದು ದೊಡ್ಡ ನಷ್ಟವಾಯಿತು. ಎರಡನೇ ಜ್ವರ ದಾಟಿದ ಚಾಕಿ (ಎಳೆಯ) ಹುಳುಗಳನ್ನು ತಂದು ಸಾಕುತ್ತಿದ್ದೆವು. ಪಕ್ಕದ ಕಡಲೆ ಹೊಲದವರು ಕಾಯಿಕೊರಕಕ್ಕೆಂದು ನೊವಲ್ಯುರಾನ್ ಎಂಬ ಕೀಟನಾಶಕ ಹೊಡೆಸಿದ್ದರು. ಗಾಳಿಗೆ ಅದು ನಮ್ಮ ಹಿಪ್ಪುನೇರಳೆಯ ಅಂಚಿನ ಸಾಲುಗಳಿಗೆ ಬಿದ್ದದ್ದು ನಮಗೆ ತಿಳಿಯಲಿಲ್ಲ, ಆ ಸೊಪ್ಪನ್ನೇ ಕೊಯ್ದು ಹಾಕಿದೆವು. ವಿಷ ತಿಂದ ಹುಳು ಅಂದೇ ಸಾಯಬೇಕಲ್ಲವೇ? ಅವು ಎರಡು ದಿನ ಎಂದಿನಂತೆ ತಿಂದವು. ಮೂರನೇ ಜ್ವರಕ್ಕೆ ಕೂತವು ಏಳಲೇ ಇಲ್ಲ. ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ: ಕತ್ತಿನ ಹತ್ತಿರ ಹಳೆಯ ಚರ್ಮ ಬಿರಿದಿತ್ತು, ಹೊಸ ತಲೆ ಅರ್ಧ ಹೊರಬಂದಿತ್ತು, ಕೆಳಗಿನ ಹೊಸ ಚರ್ಮ ಹಾಲಿನ ಕೆನೆಯ ಹಾಗೆ ಬೆರಳು ತಾಗಿದಲ್ಲಿ ಹರಿದು ನೀರು ಒಸರಿತು. ಏಕೆ ಹೀಗಾಯಿತೆಂದು ಉಪನ್ಯಾಸಕರು ವಿವರಿಸಿದರೆ ನಮ್ಮ ಭಾಗದ ಬೆಳೆಗಾರರಿಗೆಲ್ಲ ಉಪಕಾರವಾಗುತ್ತದೆ.

ಉತ್ತರ: ಕೃಷಿಕ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಮೇಲಿನ ಮೇಣದ ಪದರದ ಬಗ್ಗೆ ಓದಿದಾಗ ನಮ್ಮ ಅಜ್ಜಿ ತೊಗರಿ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುತ್ತಿದ್ದದ್ದೂ, ಹೆಸರು ಅಲಸಂದಿಗಳಿಗೆ ಜರಡಿ ಹಿಡಿದ ಒಲೆಯ ಬೂದಿ ಬೆರೆಸುತ್ತಿದ್ದದ್ದೂ ನೆನಪಾಯಿತು. ಬೂದಿಯಲ್ಲಿ ವಿಷವೇನೂ ಇಲ್ಲವಲ್ಲ, ನುಸಿ ಏಕೆ ಬೀಳುವುದಿಲ್ಲ ಎಂದು ಕೃಷಿ ಪದವಿ ಓದುವಾಗ ನಾನು ಹುಡುಕಿದ್ದೆ. ಕೀಟದ ಶರೀರಶಾಸ್ತ್ರದಲ್ಲಿ ದೊಡ್ಡ ಹೆಸರಾದ ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್ 1940ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಸಣ್ಣ ಸಣ್ಣ ಧೂಳಿನ ಕಣಗಳ ನಡುವೆ ಕೀಟ ಓಡಾಡಿದಾಗ ಆ ತೆಳ್ಳನೆಯ ಮೇಣ ಗೀರಿಹೋಗುತ್ತದೆ, ಅಲ್ಲಿಂದ ಮೈಯ ನೀರು ಆವಿಯಾಗಿ ಹೊರಟುಹೋಗಿ ಕೀಟ ಒಣಗಿ ಸಾಯುತ್ತದೆ. ಕಾಳಿನೊಳಗೆ ಬದುಕುವ ಕೀಟಕ್ಕೆ ಕುಡಿಯಲು ನೀರಿಲ್ಲ, ಇರುವ ತೇವವನ್ನು ಉಳಿಸಿಕೊಂಡರೆ ಮಾತ್ರ ಜೀವ. ನಮ್ಮ ಕಡೆಯ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕಾಳು ಹಸಿಯಾಗಿದ್ದರೆ, ಹವೆಯಲ್ಲಿ ತೇವ ಹೆಚ್ಚಿದ್ದರೆ ಧೂಳಿನ ಕೆಲಸ ಕುಂದುತ್ತದೆ. ಅಜ್ಜಿ ಬೀಜವನ್ನು ಬಿಸಿಲಿನಲ್ಲಿ ಚೆನ್ನಾಗಿ ಕಾಯಿಸದೆ ಗಡಿಗೆಗೆ ತುಂಬುತ್ತಲೇ ಇರಲಿಲ್ಲ.

ಪ್ರಶ್ನೆ: ವಿದ್ಯಾರ್ಥಿ, ಬಿ.ಎಸ್‌ಸಿ. ಪ್ರಥಮ ವರ್ಷ, ವಿಜಯಪುರ

ಸರ್, ಬಸವನಹುಳುವಿನ ಚಿಪ್ಪೂ ಹೊರಗಿನದೇ ಅಲ್ಲವೇ? ಅದೇಕೆ ಪೊರೆ ಬಿಡುವುದಿಲ್ಲ?

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ಬೆಳಗಾವಿ

ಬಸವನಹುಳು ಚಿಪ್ಪಿನ ಬಾಯಂಚಿಗೆ ಹೊಸ ಸುಣ್ಣವನ್ನು ಸೇರಿಸುತ್ತಾ ಹೋಗುತ್ತದೆ. ಗೋಡೆಗೆ ವರಸೆ ಕಲ್ಲು ಏರಿಸಿದ ಹಾಗೆ ಚಿಪ್ಪು ಅಂಚಿನಲ್ಲಿ ಬೆಳೆಯುತ್ತದೆ. ಸಂಧಿಪದಿಗೆ ಅಂಥ ತೆರೆದ ಅಂಚಿಲ್ಲ, ಮೈಯೆಲ್ಲ ಮುಚ್ಚಿದೆ. ಆದ್ದರಿಂದ ಬೆಳೆಯಬೇಕಾದರೆ ಎಲ್ಲವನ್ನೂ ಒಮ್ಮೆಗೇ ಬದಲಿಸಲೇಬೇಕು.

ಈಗ ಅಕ್ಕೋರ ಕೊನೆಯ ಪ್ರಶ್ನೆಗೆ ಬರುತ್ತೇನೆ. ಪೊರೆ ಬಿಡುವ ಕಾಲ ಬಂದಾಗ ಚರ್ಮದ ಕೋಶಗಳು ಹಳೆಯ ಹೊದಿಕೆಯಿಂದ ಬೇರ್ಪಡುತ್ತವೆ. ನಡುವಿನ ಸಂದಿಗೆ ಕಿಣ್ವಗಳಿರುವ ದ್ರವ ಸೇರುತ್ತದೆ, ಆದರೆ ಅದು ಕೂಡಲೇ ಕೆಲಸಕ್ಕೆ ತೊಡಗುವುದಿಲ್ಲ. ಮೊದಲು ಕೋಶಗಳು ಹೊಸ ಮೇಲ್ಪೊರೆಯನ್ನು ಹಾಸುತ್ತವೆ. ಆ ಮೇಲೆಯೇ ಕಿಣ್ವಗಳು ಚುರುಕಾಗಿ ಹಳೆಯ ಹೊದಿಕೆಯ ಮೆತ್ತನೆಯ ಒಳಭಾಗವನ್ನು ಕರಗಿಸುತ್ತವೆ. ಹೊಸ ಮೇಲ್ಪೊರೆ ತಡೆಯಾಗಿ ನಿಂತಿರುವುದರಿಂದ ಕೆಳಗಿನ ಎಳೆಯ ಪದರ ಕರಗದೆ ಉಳಿಯುತ್ತದೆ. ಕರಗಿದ ಅಂಶವನ್ನು ಜೀವಿ ಹೀರಿಕೊಂಡು ಮತ್ತೆ ಬಳಸುತ್ತದೆ. ಹದಗೊಂಡ ಗಟ್ಟಿ ಭಾಗವನ್ನು ಮಾತ್ರ ಕಿಣ್ವಗಳು ಕರಗಿಸಲಾರವು, ಅದೇ ನಿಮ್ಮ ಕಡ್ಡಿಪೆಟ್ಟಿಗೆಯಲ್ಲಿರುವುದು. ಅದಕ್ಕೆ ತೂಕವಿಲ್ಲದಿರುವ ಕಾರಣವೂ ಇದೇ, ದಪ್ಪದ ಬಹುಭಾಗವನ್ನು ಒಡೆಯನೇ ತಿಂದು ಮುಗಿಸಿದ್ದಾನೆ. ಬೆನ್ನಿನ ನಡುಗೆರೆಯಲ್ಲಿ ಈ ಗಟ್ಟಿ ಭಾಗ ಮೊದಲಿನಿಂದಲೂ ಇರುವುದಿಲ್ಲ, ಅಲ್ಲಿ ಮೆತ್ತನೆಯದಷ್ಟೇ ಇರುತ್ತದೆ. ಅದು ಕರಗಿದ ಮೇಲೆ ಗೆರೆಯುದ್ದಕ್ಕೂ ತೆಳ್ಳನೆಯ ಮೇಲ್ಪೊರೆ ಮಾತ್ರ ಉಳಿದು, ಹುಳು ಮೈ ಉಬ್ಬಿಸಿದಾಗ ಸೀಳುತ್ತದೆ. ಅದಕ್ಕಾಗಿಯೇ ಸೀಳು ಅಷ್ಟು ನೇರವಾಗಿದೆ.

ಹೊಸ ಹೊದಿಕೆ ದೊಡ್ಡದಾಗಿರುವುದು ಹೇಗೆ? ಅದು ಸುಕ್ಕುಸುಕ್ಕಾಗಿ ಮಡಚಿಕೊಂಡು, ಹದಗೊಳ್ಳದೆ, ಹಳೆಯದರೊಳಗೆ ಅಡಕವಾಗಿರುತ್ತದೆ. ಹೊರಬಂದ ಕೂಡಲೇ ಕೀಟ ಗಾಳಿ ನುಂಗಿ, ಏಡಿ ನೀರು ಹೀರಿ ಮೈಯನ್ನು ಉಬ್ಬಿಸುತ್ತದೆ, ಸುಕ್ಕು ಬಿಚ್ಚಿಕೊಳ್ಳುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಅದು ಹದಗೊಂಡು ಗಟ್ಟಿಯಾಗುತ್ತದೆ. ಗಾಳಿ ಅಥವಾ ನೀರು ಹೊರಹೋದ ಮೇಲೆ ಉಳಿಯುವ ಜಾಗವೇ ಮುಂದಿನ ಬೆಳವಣಿಗೆಗೆ ಅವಕಾಶ.

ಅಥಣಿಯ ಬೆಳೆಗಾರರೇ, ನೀವು ಬರೆದದ್ದನ್ನು ಓದಿ ಮನಸ್ಸಿಗೆ ನೋವಾಯಿತು. ನೀವು ಕಂಡ ಲಕ್ಷಣಗಳು ಆ ಔಷಧಿಯ ಕೆಲಸಕ್ಕೆ ಸರಿಯಾಗಿ ಹೊಂದುತ್ತವೆ. ನೊವಲ್ಯುರಾನ್, ಡೈಫ್ಲುಬೆಂಜುರಾನ್ ಮುಂತಾದವು ನರವಿಷಗಳಲ್ಲ. ಕೈಟಿನ್ ಎಳೆಯನ್ನು ನೇಯುವ ಕೆಲಸವನ್ನೇ ಅವು ತಡೆಯುತ್ತವೆ. ಇರುವ ಚರ್ಮಕ್ಕೆ ತೊಂದರೆಯಿಲ್ಲವಾದ್ದರಿಂದ ಹುಳು ತಿನ್ನುತ್ತಾ ಓಡಾಡುತ್ತದೆ. ಹೊಸ ಚರ್ಮ ಮಾತ್ರ ಎಳೆಯಿಲ್ಲದ ಬಟ್ಟೆಯಂತಾಗುತ್ತದೆ, ಉಬ್ಬಿಸುವ ಒತ್ತಡವನ್ನು ತಾಳದೆ ಹರಿಯುತ್ತದೆ. ಪೊರೆ ಬಿಡುವ ವಯಸ್ಸು ದಾಟಿದ ಪತಂಗ, ಚಿಟ್ಟೆಗಳು ಇವುಗಳಿಂದ ಸಾಮಾನ್ಯವಾಗಿ ಸಾಯದಿರುವುದಕ್ಕೂ, ನಮ್ಮ ದ್ರಾಕ್ಷಿ ಬೆಳೆಗಾರರು ಹಿಟ್ಟುತಿಗಣೆಗೆ ಬಳಸುವ ಬುಪ್ರೊಫೆಜಿನ್ ಮರಿಗಳ ಮೇಲೆಯೇ ಹೆಚ್ಚು ನಡೆಯುವುದಕ್ಕೂ ಇದೇ ಕಾರಣ. ಹಿಪ್ಪುನೇರಳೆಯ ಪಕ್ಕದಲ್ಲಿ ಇಂಥವನ್ನು ಹೊಡೆಯುವ ಮೊದಲು ನೆರೆಯವರು ಒಂದು ಮಾತು ಹೇಳುವಂತಾಗಬೇಕು.

ನಿಮ್ಮ “ಜ್ವರ”ವನ್ನು ಬರಿಸುವ ಹಾರ್ಮೋನಿನ ಹೆಸರು ಎಕ್ಡೈಸೋನ್. ಅದನ್ನು ಶುದ್ಧರೂಪದಲ್ಲಿ ಮೊದಲು ಬೇರ್ಪಡಿಸಿದ್ದು ರೇಷ್ಮೆಹುಳುವಿನ ಪ್ಯೂಪಾಗಳಿಂದಲೇ, ಅಂದರೆ ಗೂಡಿನೊಳಗೆ ಪತಂಗವಾಗುತ್ತಿರುವ ಹುಳುಗಳಿಂದಲೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ಪ್ಯೂಪಾಗಳಿಂದ ಪಡೆದದ್ದು ಬರೀ 25 ಮಿಲಿಗ್ರಾಮ್. ತಲೆಯ ಬಗ್ಗೆ ನೀವು ಹೇಳಿದ್ದೂ ಸರಿ. ಪೊರೆಯಿಂದ ಪೊರೆಗೆ ಕಂಬಳಿಹುಳುವಿನ ತಲೆಯ ಅಗಲ ಒಂದು ನಿಶ್ಚಿತ ಪ್ರಮಾಣದಲ್ಲಿ ಹೆಚ್ಚುತ್ತದೆಂದು 1890ರಲ್ಲಿ ಅಮೆರಿಕದ ಡಯರ್ ಅಳೆದು ತೋರಿಸಿದರು.

ಪ್ರಶ್ನೆ ಕೇಳಿದವರು: ವಿಜ್ಞಾನ ಶಿಕ್ಷಕಿ, ಮುಧೋಳ ತಾಲ್ಲೂಕು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಎರಡು ಅವಧಿ ತೆಗೆದುಕೊಂಡು ಓದಿ ಹೇಳಿದೆ. ಏಡಿಯ ಕಾಲನ್ನು ವಿನೆಗರಿನಲ್ಲಿ ಇಟ್ಟೆವು; ಮೂರನೆಯ ದಿನ ತೆಗೆದಾಗ ಅದು ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗಾಗಿತ್ತು. ಮಕ್ಕಳಿಂದ ಮತ್ತೆರಡು ಪ್ರಶ್ನೆಗಳು ಬಂದಿವೆ. ಮುರಿದ ಕಾಲು ಕೂಡಿಕೊಳ್ಳುತ್ತದೆಯೇ? ಜಿರಳೆ ಏಕೆ ನಾಯಿಯಷ್ಟು ದೊಡ್ಡದಾಗುವುದಿಲ್ಲ?

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ಬೆಳಗಾವಿ

ಗೀರು, ತೂತುಗಳಾದರೆ ರಕ್ತದಂಥ ದ್ರವ ಹೆಪ್ಪುಗಟ್ಟಿ ಮುಚ್ಚುತ್ತದೆ, ಸುತ್ತಲಿನ ಕೋಶಗಳು ಸರಿದು ಬಂದು ಗಾಯದ ಕೆಳಗೆ ಹೊಸ ಹೊದಿಕೆಯನ್ನು ಹಾಸುತ್ತವೆ. ಕಾಲೇ ಹೋದರೆ ಅದು ಮತ್ತೆ ಮೂಡುವುದು ಪೊರೆ ಬಿಡುವಾಗ ಮಾತ್ರ: ಮೊದಲ ಸಲ ಚಿಕ್ಕದಾಗಿ, ಮುಂದಿನ ಸಲಗಳಲ್ಲಿ ಹೆಚ್ಚು ಹೆಚ್ಚು ಪೂರ್ತಿಯಾಗಿ. ಜಿರಳೆಯ ಮರಿಗೂ ಏಡಿಗೂ ಇದು ಸಾಧ್ಯ. ಏಡಿಯಂತೂ ಹಿಡಿದವನ ಕೈಯಲ್ಲಿ ಕಾಲನ್ನು ತಾನಾಗಿಯೇ ನಿಶ್ಚಿತ ಜಾಗದಲ್ಲಿ ಕಳಚಿ ಓಡುತ್ತದೆ. ರೆಕ್ಕೆ ಬಂದ ಜಿರಳೆ ಇನ್ನು ಪೊರೆ ಬಿಡುವುದಿಲ್ಲವಾದ್ದರಿಂದ ಅದು ಕಳೆದುಕೊಂಡ ಕಾಲು ಮತ್ತೆ ಬರುವುದಿಲ್ಲ.

ಗಾತ್ರದ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಚಿಕ್ಕ ಜೀವಿಗೆ ಟೊಳ್ಳು ಕೊಳವೆ ಬಹಳ ಲಾಭದ್ದು. ಅಷ್ಟೇ ತೂಕದ ಗಟ್ಟಿ ಕಡ್ಡಿಗಿಂತ ಟೊಳ್ಳು ಬಿದಿರು ಹೆಚ್ಚು ಬಾಗುಬಲ ತಾಳುವಂತೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದರೆ ತೂಕ ಎಂಟು ಮಡಿಯಾಗುತ್ತದೆ, ಕಾಲಿನ ಅಡ್ಡಕೊಯ್ತ ನಾಲ್ಕು ಮಡಿಯಷ್ಟೇ ಆಗುತ್ತದೆ. ಹೊದಿಕೆಯನ್ನು ದಪ್ಪ ಮಾಡುತ್ತಾ ಹೋದರೆ ಅದರ ಭಾರವೇ ಹೊರೆಯಾಗುತ್ತದೆ. ಇದಕ್ಕಿಂತಲೂ ಕಠಿಣವಾದದ್ದು ಪೊರೆ ಬಿಟ್ಟ ಮೇಲಿನ ಹೊತ್ತು. ಮೈಯನ್ನು ಎತ್ತಿ ಹಿಡಿಯುವ ಗಟ್ಟಿ ಭಾಗವೇ ಆಗ ಇರುವುದಿಲ್ಲ. ನಾಯಿಯಷ್ಟು ತೂಕದ ಮೆತ್ತನೆಯ ಜೀವಿ ನೆಲದ ಮೇಲೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾದೀತು. ಶ್ವಾಸನಾಳಗಳ ಮೂಲಕ ಗಾಳಿ ದೂರದವರೆಗೆ ಹರಡುವುದೂ ಕಷ್ಟ. ನೀರು ಮೈಯನ್ನು ಹೊರುತ್ತದೆಯಾದ್ದರಿಂದ ಈಗಿರುವ ಅತಿ ದೊಡ್ಡ ಸಂಧಿಪದಿಗಳು ಸಮುದ್ರದಲ್ಲಿವೆ. ಜಪಾನಿನ ಜೇಡ ಏಡಿಯ ಕಾಲುಗಳನ್ನು ಚಾಚಿ ಅಳೆದರೆ 3.7 ಮೀಟರಿನಷ್ಟಾಗುತ್ತದೆ. ನೆಲದ ಮೇಲೆ ಬದುಕುವವುಗಳಲ್ಲಿ ತೆಂಗಿನ ಏಡಿಯೇ ದೊಡ್ಡದು, ಅದರ ತೂಕ ಸುಮಾರು 4 ಕಿಲೋ.

ಇನ್ನೊಂದು ಮಾತು. ಕಡ್ಡಿಪೆಟ್ಟಿಗೆಯಲ್ಲಿರುವ ಪೊರೆ ಒಣಗಿ ಬಿರುಸಾಗಿರುತ್ತದೆ, ಹಾಗೆಯೇ ಎತ್ತಿದರೆ ಕಾಲು ಮುರಿಯುತ್ತವೆ. ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಆಗ ಸೀಳನ್ನು ಸೂಜಿಯಿಂದ ಮೆಲ್ಲಗೆ ಅಗಲಿಸಿ, ಬಿಳಿಯ ಎಳೆಗಳು ಎದೆಯ ಯಾವ ಜಾಗದಿಂದ ಹೊರಟಿವೆ ಎಂಬುದನ್ನು ಮಕ್ಕಳಿಗೆ ಭೂತಗನ್ನಡಿಯಲ್ಲಿ ತೋರಿಸಿರಿ.